ಪೆನ್ಸಿಲ್‌ನಲ್ಲಿ ಬರೆದದ್ದನ್ನು ಓದಿದೆಯಾ ತಂಗಿ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಆಮೇಲೆ ಕರುಳು ಚುರುಕ್ ಅಂತು. ಬರೆದವಳು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂಎ ಅರ್ಥಶಾಸ್ತ್ರ ಎರಡನೇ ಸೆಮಿಸ್ಟರ್ ಓದುವ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ. ಹಾಕುವುದಿಲ್ಲ.

ಅವಳ ಕಷ್ಟ ಇಷ್ಟು. ಬಿಎ ಮುಗಿಸಿದ್ದು ತಾಲೂಕು ಕಾಲೇಜಿನಲ್ಲಿ, ಕನ್ನಡ ಮಾಧ್ಯಮ. ಇಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ ಹೇಳುವ ಮೇಡಂ ಬಲು ಕಟ್ಟುನಿಟ್ಟು. ಐದು ನಿಮಿಷ ತಡವಾದರೆ ಬಾಗಿಲು ಹಾಕಿರುತ್ತಾರೆ. ಪ್ರತಿ ಸೋಮವಾರ ಟೆಸ್ಟ್, ಆಮೇಲೆ ಹೆಸರು ಕೂಗಿ ಮಾರ್ಕ್ಸ್ ಓದುತ್ತಾರೆ. ಅಸೈನ್‌ಮೆಂಟ್ ಸರಿಯಿಲ್ಲದಿದ್ದರೆ ಮಾರ್ಕ್ಸ್ ಹಾಕದೆ ವಾಪಸ್. ಇವಳದ್ದು ಎರಡು ಸಲ ವಾಪಸ್ ಬಂದಿದೆ. ಈಗ ಕ್ಲಾಸಿನವರು ಮೇಡಂ ಮೇಲೆ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಲು ಹೊರಟಿದ್ದಾರೆ. 58 ಜನರಲ್ಲಿ 41 ಜನರ ಸಹಿ ಬಿದ್ದಾಗಿದೆ. ರೂಮ್‌ಮೇಟ್ ದಿನಾ ರಾತ್ರಿ ಕೇಳುತ್ತಾಳೆ. ಹಾಕಿದರೆ ಮನಸ್ಸಿಗೆ ಚುಚ್ಚುತ್ತೆ, ಹಾಕದಿದ್ದರೆ ಹಾಸ್ಟೆಲಿನಲ್ಲಿ ಯಾರೂ ಮಾತಾಡಿಸಲ್ಲ, ಏನು ಮಾಡಲಿ ಅಕ್ಕಾ?

ತಂಗಿ, ನಿನ್ನ ಪತ್ರದ ಮೂರನೇ ಪುಟದ ಕೊನೆಗೆ ಒಂದು ಸಾಲು ಇದೆ. 'ಅಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ಏನೇನೋ ಬರೆದುಕೊಟ್ಟಿದ್ದರು, ಕನ್ನಡದಲ್ಲೇ.' ಅಷ್ಟು ಹೇಳಿ ನೀನು ಹಾಸ್ಟೆಲ್ ಊಟದ ವಿಷಯಕ್ಕೆ ಹೋಗಿಬಿಟ್ಟೆ. ನಾನು ಅಲ್ಲೇ ನಿಂತೆ.

ಏನೇನೋ ಅಲ್ಲ ಅದು. ಒಂದನ್ನು ನೀನೇ ಇಳಿಸಿದ್ದೀಯ. 'ಉಳ್ಳಾಗಡ್ಡಿ ರೇಟು ಏರಿತು, ಬೇಡಿಕೆ ಇಳಿಯಿತು' ಅಂತ ನೀನು ಬರೆದದ್ದರ ಪಕ್ಕದಲ್ಲಿ ಅವರು ಕೇಳಿದ್ದಾರೆ: 'ಬೇಡಿಕೆ ಇಳಿಯಿತೋ, ಕೊಂಡ ಪ್ರಮಾಣ ಇಳಿಯಿತೋ? ಶ್ರಾವಣದಲ್ಲಿ ಏನಾಗುತ್ತೆ, ಯೋಚಿಸು.' ನನ್ನ ಅರ್ಥಶಾಸ್ತ್ರ ಪಿಯುಸಿಗೇ ಮುಗಿಯಿತು. ಆದರೂ ಈ ಪ್ರಶ್ನೆ ಅರ್ಧ ದಿನ ತಲೆಯಲ್ಲಿ ಕೂತಿತ್ತು. ರೇಟು ಏರಿದಾಗ ಎರಡು ಕಿಲೋ ಒಯ್ಯುವವರು ಒಂದು ಕಿಲೋ ಒಯ್ಯುತ್ತಾರೆ. ಯಾವ ರೇಟಿಗೆ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸಲು ಎಳೆಯುತ್ತಾರಲ್ಲ ಬೇಡಿಕೆಯ ಗೆರೆ, ಅದೇ ಗೆರೆಯ ಮೇಲೆ ಜಾಗ ಬದಲಿಸಿದ್ದು ಅದು. ಶ್ರಾವಣ ಬಂತು ಅಂದರೆ ಕೆಲವು ಮನೆಗಳಲ್ಲಿ ಉಳ್ಳಾಗಡ್ಡಿಯನ್ನೇ ಬಿಡುತ್ತಾರೆ, ರೇಟು ಎಷ್ಟೇ ಇರಲಿ. ಆಗ ಗೆರೆಯೇ ಎಡಕ್ಕೆ ಸರಿಯುತ್ತದೆ. ಬೇಡಿಕೆ ಇಳಿಯುವುದು ಅಂದರೆ ಇದು. ನಮ್ಮ ಮೇಷ್ಟ್ರು ವ್ಯಾಖ್ಯೆ ಬರೆಸಿ ಮುಗಿಸಿದ್ದರು. ನಾನು ಉರು ಹೊಡೆದು ಪಾಸಾಗಿದ್ದೆ.

ಸ್ವಲ್ಪ ಲೆಕ್ಕ ಹಾಕು. ಒಂದು ಅಸೈನ್‌ಮೆಂಟನ್ನು ಹೀಗೆ ನೋಡಲು ಅರ್ಧ ಗಂಟೆ ಹಿಡಿಯಿತು ಅಂದುಕೊ. 58 ಜನಕ್ಕೆ 29 ಗಂಟೆ. ನಿನ್ನದಂತೂ ಎರಡು ಸಲ. ಅವಕಾಶ ವೆಚ್ಚ, ಅಂದರೆ ಒಂದನ್ನು ಮಾಡಲು ಹೋಗಿ ಬಿಟ್ಟುಕೊಟ್ಟದ್ದರ ಬೆಲೆ, ನಿಮ್ಮ ಪುಸ್ತಕದ ಶುರುವಿನಲ್ಲೇ ಇರುತ್ತೆ ಅಲ್ವಾ? ಆ 29 ಗಂಟೆಯಲ್ಲಿ ಅವರು ಮಲಗಬಹುದಿತ್ತು, ಯಾರದೋ ಮದುವೆಗೆ ಹೋಗಿಬರಬಹುದಿತ್ತು. ಸುಮ್ನೆ ಎಲ್ಲರಿಗೂ 20ಕ್ಕೆ 16 ಹಾಕಿ ಒಳ್ಳೆಯ ಮೇಡಂ ಅನ್ನಿಸಿಕೊಳ್ಳಬಹುದಿತ್ತು.

ಅರ್ಜಿ ಟೈಪ್ ಮಾಡಿಕೊಟ್ಟದ್ದು 'ನಮ್ಮ ಸೀನಿಯರ್ ಒಬ್ಬರು' ಅಂದಿದ್ದೀಯ. ಜೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ಇಟ್ಟು ಸೆಟ್ಟಿಗೆ 300 ರೂಪಾಯಿಯಂತೆ ಮಾರುವವನೂ ಅವನೇ ಅಂತ ಬೇರೆ ಪುಟದಲ್ಲಿ ಬರೆದಿದ್ದೀಯ. ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡು. ಮೇಡಂ ಪ್ರತಿ ಸೋಮವಾರ ಹೊಸ ಪ್ರಶ್ನೆ ಕೊಟ್ಟರೆ ಹಳೇ ನೋಟ್ಸ್ ಯಾರಿಗೆ ಬೇಕು? ನಿನ್ನ ರೂಮ್‌ಮೇಟ್ ಮೇಲೆ ನನಗೆ ಸಿಟ್ಟಿಲ್ಲ, ಅವಳೂ ಹೆದರಿದ್ದಾಳೆ. ಸಿಟ್ಟೆಲ್ಲ ಈ ಮಹಾಶಯನ ಮೇಲೆ. ಜೆರಾಕ್ಸ್ ನೋಟ್ಸ್ ಬೇಡ ಅಂತ ಈ ಅಂಕಣದಲ್ಲಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ.

ಕ್ಲಾಸಿನವರ ಮಾತು ಪೂರ್ತಿ ಸುಳ್ಳು ಅನ್ನುತ್ತಿಲ್ಲ. ಅದು ಈ ಸೆಮಿಸ್ಟರಿನ ಮಾತು, ಅಷ್ಟೇ. ಪಾಸಾಗಿ ಹೋದ ಅಕ್ಕ ಒಬ್ಬಳು ಕೆ-ಸೆಟ್ (ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಅರ್ಹತಾ ಪರೀಕ್ಷೆ) ಆದ ಮೇಲೆ ಬಂದು ಪೇಢೆ ಕೊಟ್ಟಿದ್ದು ಇದೇ ಮೇಡಂಗೆ ಅಂತ ನೀನೇ ಹೇಳಿದ್ದೀಯ. ಅವಳೂ ಎರಡನೇ ಸೆಮಿಸ್ಟರಿನಲ್ಲಿ ಅತ್ತಿದ್ದಳಂತೆ. ಅರ್ಥಶಾಸ್ತ್ರಜ್ಞರು ಇದನ್ನೂ ಅಳೆದು ನೋಡಿದ್ದಾರೆ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅನ್ನುವ ಇಬ್ಬರು ಅಮೆರಿಕದ ವಾಯುಪಡೆ ಅಕಾಡೆಮಿಯ ವಿದ್ಯಾರ್ಥಿಗಳ ಮಾರ್ಕ್ಸ್ ಹಿಡಿದು ಕೂತು, 2010ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಯಾರಿಗೆ ಯಾವ ಮೇಷ್ಟ್ರು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಪರೀಕ್ಷೆ ಎಲ್ಲರಿಗೂ ಒಂದೇ. ಹಾಗಾಗಿ ಹೋಲಿಸಲು ಬಂತು. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಜಾಸ್ತಿ ಮಾರ್ಕ್ಸ್ ಬರುವಂತೆ ಮಾಡಿದ ಮೇಷ್ಟ್ರುಗಳ ಬಗ್ಗೆ ವಿದ್ಯಾರ್ಥಿಗಳು ಒಳ್ಳೆಯದೇ ಬರೆದಿದ್ದರು. ಮುಂದಿನ ಕೋರ್ಸುಗಳಿಗೆ ಹೋದಾಗ ಹಿಂದೆ ಬಿದ್ದವರೂ ಅದೇ ವಿದ್ಯಾರ್ಥಿಗಳು. ಅಲ್ಲಿ ಚೆನ್ನಾಗಿ ಮಾಡಿದ್ದು ಹಳಬ ಮೇಷ್ಟ್ರುಗಳ ಕೈಯಲ್ಲಿ ಕಲಿತವರು.

ಮೇಡಂಗೂ ಒಂದು ಮಾತಿದೆ. ಹೆಸರು ಕೂಗಿ ಮಾರ್ಕ್ಸ್ ಓದುವುದು ತಪ್ಪು. 20ಕ್ಕೆ 4 ಬಂದ ಹುಡುಗಿಗೆ ಅದು ಗೊತ್ತಾದರೆ ಸಾಕು, ಹಿಂದಿನ ಬೆಂಚಿಗೆ ಗೊತ್ತಾಗಬೇಕಿಲ್ಲ. ಅಷ್ಟು ಪೆನ್ಸಿಲ್ ಸವೆಸುವವರಿಗೆ ಇದು ಹೊಳೆಯಲಿಲ್ಲವಲ್ಲ! ಅರ್ಜಿಯಲ್ಲಿ ಈ ಒಂದೇ ದೂರು ಇದ್ದಿದ್ದರೆ ಸಹಿ ಹಾಕು ಅಂತ ನಾನೇ ಹೇಳುತ್ತಿದ್ದೆ. ಆದರೆ ಅದರ ಮೂರನೇ ಸಾಲು 'ವಿದ್ಯಾರ್ಥಿಗಳಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ' ಅನ್ನುತ್ತದೆ. ಶನಿವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಕೂತು ಗಣಿತ ಹೇಳಿಸಿಕೊಳ್ಳುವ ಆರು ಜನರಲ್ಲಿ ನೀನೂ ಒಬ್ಬಳು. ಆ ಸಾಲಿನ ಕೆಳಗೆ ನಿನ್ನ ಹೆಸರು ಹೇಗೆ ಬರುತ್ತೆ?

ಮಾಡಬೇಕಾದ್ದು ಒಂದೇ. ಈ ಶನಿವಾರ ಅಸೈನ್‌ಮೆಂಟನ್ನು ಮೂರನೇ ಸಲ ಬರೆದು ಮೇಡಂ ಕೋಣೆಗೆ ಹೋಗು. ಅದನ್ನು ಕೈಗೆ ಕೊಟ್ಟ ಮೇಲೆ, 'ಮೇಡಂ, ಮಾರ್ಕ್ಸ್ ಎಲ್ಲರೆದುರಿಗೆ ಓದಬೇಡಿ, ನಾಚಿಕೆಯಾಗುತ್ತೆ' ಅಂತ ಹೇಳು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಬೇಡ, ಅವರು ಬರೆದದ್ದೂ ಕನ್ನಡದಲ್ಲೇ ಅಲ್ವಾ. ಇಂಟರ್ನಲ್ಸ್ ಮಾರ್ಕ್ಸ್ ಅವರ ಕೈಯಲ್ಲಿದೆ ಅನ್ನುವ ಭಯ ನಿನಗಿದೆ, ಗೊತ್ತು. ಸೇಡು ತೀರಿಸಿಕೊಳ್ಳುವವರು ಅಂಚಿನಲ್ಲಿ ಅಷ್ಟೆಲ್ಲ ಬರೆಯುತ್ತಾ ಕೂರುವುದಿಲ್ಲ. ಒಂದು ಸೊನ್ನೆ ಸಾಕು ಅವರಿಗೆ.

ಇವತ್ತು ರಾತ್ರಿ ರೂಮ್‌ಮೇಟ್ ಮತ್ತೆ ಕೇಳಿದರೆ, ಮೂರನೇ ಸಾಲು ತೋರಿಸಿ 'ಇದು ನಿಜವಾ?' ಅನ್ನು. ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಏನೂ ಹಾಕಬೇಡ. ರಾತ್ರಿ ಹತ್ತರ ಮೇಲೆ ಅಲ್ಲಿ ಯಾವುದೂ ನೆಟ್ಟಗೆ ಮುಗಿದದ್ದು ನಾನು ಕಂಡಿಲ್ಲ. ಬೇಕಿದ್ದರೆ ಶನಿವಾರ ಅವಳನ್ನೂ ಕರೆದುಕೊಂಡು ಹೋಗು. ಅವಳ ಅಸೈನ್‌ಮೆಂಟಿನ ಅಂಚಿನಲ್ಲೂ ಪೆನ್ಸಿಲ್ ಓಡಾಡಿರಬೇಕು, ನೋಡಿದ್ದಾಳೋ ಇಲ್ಲವೋ.