ತಿದ್ದಿದವರ ಹೆಸರು ತಾನಾಗಿ ಬರಬೇಕೆಂದರೆ

ಪ್ರಶ್ನೆ: ಮೇಡಂ, ನಾವು ಆರು ಜನ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಟೇಬಲ್‌ನಲ್ಲಿ ಮಾಹಿತಿ ತುಂಬುತ್ತೇವೆ, ತಿದ್ದುತ್ತೇವೆ. ತಿದ್ದಿದವರ ಹೆಸರಿಗೆ, ಸಮಯಕ್ಕೆ ಎರಡು ಕಾಲಂ ಇಟ್ಟಿದ್ದೇನೆ. ಹೆಸರಿನ ಕಾಲಂ ಅರ್ಧಕ್ಕರ್ಧ ಖಾಲಿ. ಸಮಯ ತಾನಾಗಿ ತುಂಬಲೆಂದು ಡೀಫಾಲ್ಟ್ ಕೊಟ್ಟಿದ್ದರೂ ತಿದ್ದಿದಾಗ ಅದು ಬದಲಾಗುವುದಿಲ್ಲ. ಏನು ಮಾಡಲಿ?

ಉತ್ತರ: ಡೀಫಾಲ್ಟ್ ಕೆಲಸ ಮಾಡುವುದು ಹೊಸ ಸಾಲು ಸೇರುವಾಗ ಮಾತ್ರ. ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಸಮಯದ ಕಾಲಂಗೇ ‘ಆನ್ ಅಪ್‌ಡೇಟ್’ ಎಂದು ಬರೆದುಬಿಡಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ ಬರೆಯಬೇಕು, ಅಂದರೆ ಸಾಲು ಬದಲಾಗುವಾಗ ಡೇಟಾಬೇಸ್ ತಾನಾಗಿ ಓಡಿಸುವ ಪುಟ್ಟ ಪ್ರೋಗ್ರಾಂ. ಪ್ರತಿ ಸಾಲಿಗೂ, ತಿದ್ದುಪಡಿ ಉಳಿಯುವ ಮುಂಚೆಯೇ ಅದು ಓಡಲಿ. ಸರ್ವರ್ ಗಡಿಯಾರದ ಹೊತ್ತನ್ನೇ ತುಂಬಲಿ. ತುಂಬುವವರ ಲ್ಯಾಪ್‌ಟಾಪ್ ಗಡಿಯಾರವನ್ನು ನಂಬಬೇಡಿ. ಸಾಲು ಮೊದಲು ಸೇರಿಸಿದವರ ಹೆಸರೂ ಇಡುವುದಾದರೆ, ತಿದ್ದುವಾಗ ಟ್ರಿಗರ್ ಅಲ್ಲಿಗೆ ಹಳೆಯದನ್ನೇ ವಾಪಸ್ ಹಾಕಲಿ.

ಕಷ್ಟವಿರುವುದು ಹೆಸರಿನಲ್ಲಿ. ನಾನು ಹಿಂದೆ ನೋಡಿಕೊಳ್ಳುತ್ತಿದ್ದ ಟೇಬಲ್ ಒಂದರಲ್ಲಿ 4,500 ಇದ್ದ ಮೊತ್ತ 45,000 ಆಗಿಬಿಟ್ಟಿತ್ತು. ತಿದ್ದಿದವರು ಯಾರೆಂದು ನೋಡಿದರೆ ‘ವೆಬ್‌ಆ್ಯಪ್’. ಮೇಲಿನ ಸಾಲಿನಲ್ಲೂ ವೆಬ್‌ಆ್ಯಪ್, ಕೆಳಗಿನದರಲ್ಲೂ ವೆಬ್‌ಆ್ಯಪ್. ಎಲ್ಲರೂ ಒಂದೇ ಅಪ್ಲಿಕೇಶನ್ ಮೂಲಕ ಬರುತ್ತಿದ್ದರು, ಡೇಟಾಬೇಸ್‌ಗೆ ಗೊತ್ತಿದ್ದದ್ದು ಅದರ ಲಾಗಿನ್ ಒಂದೇ. ಅನುಮಾನ ಹೊಸದಾಗಿ ಸೇರಿದ್ದ ಹುಡುಗನ ಮೇಲೆ ಬಿತ್ತು. ಅವನಲ್ಲ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಹುಡುಗನ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ನಿಮ್ಮ ಅಪ್ಲಿಕೇಶನ್ ಪ್ರತಿ ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಬದಲಾವಣೆಗಳ ಒಂದು ಕಂತು) ಶುರುವಿನಲ್ಲೇ ಲಾಗಿನ್ ಆದವರ ಹೆಸರನ್ನು ‘ಸೆಟ್ ಲೋಕಲ್’ ಮೂಲಕ ಒಂದು ಸೆಟ್ಟಿಂಗ್‌ನಲ್ಲಿ ಇಡಲಿ, ಟ್ರಿಗರ್ ಅದನ್ನು ಓದಿ ಬರೆಯಲಿ. ‘ಲೋಕಲ್’ ಮರೆಯಬೇಡಿ. ಬರೀ ‘ಸೆಟ್’ ಕೊಟ್ಟರೆ ಹೆಸರು ಕನೆಕ್ಷನ್‌ಗೆ ಅಂಟಿಕೊಂಡಿರುತ್ತದೆ. ಪೂಲ್‌ನಿಂದ, ಅಂದರೆ ಎಲ್ಲರೂ ಸರದಿಯಲ್ಲಿ ಬಳಸುವ ಕನೆಕ್ಷನ್‌ಗಳ ಗುಂಪಿನಿಂದ, ಅದೇ ಕನೆಕ್ಷನ್ ಮುಂದಿನವರಿಗೆ ಸಿಕ್ಕಾಗ ಅವರ ಕೆಲಸ ನಿಮ್ಮ ಹೆಸರಿಗೆ ಬೀಳಬಹುದು. ಖಾಲಿ ಹೆಸರಿಗಿಂತ ತಪ್ಪು ಹೆಸರು ಅಪಾಯ. ಹೆಸರೇ ಇಲ್ಲದೆ ಬಂದ ತಿದ್ದುಪಡಿಯನ್ನು ಟ್ರಿಗರ್ ಸ್ವೀಕರಿಸಲೇಬಾರದು.

ಇನ್ನೊಂದು: ನಿಮ್ಮ ಎರಡು ಕಾಲಂ ಹೇಳುವುದು ಕೊನೆಯವರನ್ನು ಮಾತ್ರ. ಸಾಲನ್ನೇ ಅಳಿಸಿದರೆ ಅದೂ ಹೋಯಿತು. ಲೆಕ್ಕದ ಟೇಬಲ್ ಆಗಿದ್ದರೆ ಹಳೆಯ ಸಾಲನ್ನು ಬೇರೊಂದು ಇತಿಹಾಸದ ಟೇಬಲ್‌ಗೆ ನಕಲಿಸುವ ಟ್ರಿಗರ್ ಕೂಡ ಬೇಕು.

ಈಗಾಗಲೇ ಖಾಲಿಯಿರುವ ಹೆಸರುಗಳನ್ನು ಮಾತ್ರ ಅಂದಾಜಿನ ಮೇಲೆ ತುಂಬಲು ಹೋಗಬೇಡಿ. ಅವು ಖಾಲಿಯೇ ಇರಲಿ.