ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) ವರದಿ ಬರೆಯುವುದು ಯಾರು, ವಿಜ್ಞಾನಿಗಳೋ ಸರ್ಕಾರಗಳೋ?

ಬರೆಯುವುದು ವಿಜ್ಞಾನಿಗಳೇ. ಸರ್ಕಾರಗಳು ಪಟ್ಟು ಹಿಡಿದು ಕೂರುವುದು ಸಾರಾಂಶದ ಹಂತದಲ್ಲಿ.

1988ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಹುಟ್ಟುಹಾಕಿದ ಸಮಿತಿ ಇದು. ತಾನಾಗಿ ಯಾವ ಸಂಶೋಧನೆಯನ್ನೂ ಮಾಡುವುದಿಲ್ಲ. ಆಗಲೇ ಪ್ರಕಟವಾದ ಪ್ರಬಂಧಗಳನ್ನು ಓದಿ, ಯಾವ ಮಾತು ಎಷ್ಟು ಗಟ್ಟಿ ಅಂತ ತೂಗಿ ಹೇಳುತ್ತದೆ. 2021ರ ಭೌತವಿಜ್ಞಾನದ ಸಂಪುಟವನ್ನೇ ನೋಡಿ: 234 ಲೇಖಕರು, 14,000ಕ್ಕೂ ಹೆಚ್ಚು ಪ್ರಬಂಧಗಳು. ಕರಡುಗಳ ಮೇಲೆ ಬಂದ ಟಿಪ್ಪಣಿಗಳು 78,000ಕ್ಕೂ ಜಾಸ್ತಿ! ಪ್ರತಿಯೊಂದನ್ನೂ ಲೇಖಕರು ಪರಿಗಣಿಸಲೇಬೇಕು. ಈ ಕೆಲಸಕ್ಕೆ ಐಪಿಸಿಸಿ ಅವರಿಗೆ ಸಂಬಳ ಕೊಡುವುದಿಲ್ಲ ಬೇರೆ.

ಪದಗಳಿಗೂ ಅಳತೆ ಇದೆ. 'ಸಾಧ್ಯತೆ ಇದೆ' ಅಂದರೆ ಕನಿಷ್ಠ ಶೇ. 66, 'ತುಂಬಾ ಸಾಧ್ಯತೆ' ಅಂದರೆ ಕನಿಷ್ಠ ಶೇ. 90. ಸುಮ್ನೆ ಬಳಸುವ ಹಾಗಿಲ್ಲ.

ಇನ್ನು ಆ ಸಾರಾಂಶ. ನೀತಿ ರೂಪಿಸುವವರಿಗಾಗಿ ಇರುವ ಆ ಕೆಲವು ಪುಟಗಳನ್ನು 195 ಸದಸ್ಯ ದೇಶಗಳ ಪ್ರತಿನಿಧಿಗಳು ಸಾಲು ಸಾಲಾಗಿ ಓದಿ ಒಪ್ಪಬೇಕು. ಒಂದು ಪದಕ್ಕಾಗಿ ಗಂಟೆಗಟ್ಟಲೆ ಜಗ್ಗಾಟ ನಡೆಯುವುದುಂಟು. ಆದರೆ ಮೂಲ ಅಧ್ಯಾಯಗಳಿಗೆ ವಿರುದ್ಧವಾದದ್ದನ್ನು ತುರುಕಲು ಆಗುವುದಿಲ್ಲ, ಲೇಖಕರು ಅಲ್ಲೇ ಕೂತಿರುತ್ತಾರೆ. ಹಾಗಾಗಿ ಸಾರಾಂಶ ಸ್ವಲ್ಪ ಸಪ್ಪೆಯಾಗಬಹುದು, ಸುಳ್ಳಾಗುವುದು ಕಷ್ಟ. ಅನುಮಾನ ಬಂದರೆ ನೇರವಾಗಿ ಅಧ್ಯಾಯಗಳನ್ನೇ ಓದಿ, ಉಚಿತವಾಗಿ ಸಿಗುತ್ತವೆ.