ದೇವರ ಮೇಲೆ ಆತುಕೊಳ್ಳಲು ದಿನಕ್ಕೆ ಎಷ್ಟು ಗಂಟೆ ಪ್ರಾರ್ಥಿಸಬೇಕು?

ನಾಲ್ಕಕ್ಕೆ ಏಳುತ್ತೀರಿ, ಶುಕ್ರವಾರ ಉಪವಾಸ ಮಾಡುತ್ತೀರಿ, ಆದರೂ ಸಿಟ್ಟು ಹೋಗಿಲ್ಲ. ಪ್ರಾರ್ಥನೆ ಇನ್ನೂ ಹೆಚ್ಚಿಸಬೇಕೇ, ಇಲ್ಲ ಎಲ್ಲವನ್ನೂ ದೇವರಿಗೆ ಬಿಟ್ಟು ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ನಾನು ಯಾರನ್ನೂ ಕೇಳಲಿಲ್ಲ, ಒಂದು ಲೆಕ್ಕದ ಪುಸ್ತಕ ಕೊಂಡೆ.

ಮಂಗಳೂರಿನವನು, ಲೆಕ್ಕ ಬರೆಯುವುದೇ ಉದ್ಯೋಗ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯಲ್ಲಿ ಮುತ್ತಜ್ಜ ದುಡಿದವರು. ನಮ್ಮ ಮನೆಯಲ್ಲಿ ಭಕ್ತಿಗೂ ಹಾಜರಿ ಹಾಕುವುದು ರೂಢಿ. ಪುಸ್ತಕದಲ್ಲಿ ದಿನಾಂಕ, ಪ್ರಾರ್ಥನೆ, ಓದಿದ ಬೈಬಲ್ ಅಧ್ಯಾಯ, ಉಪವಾಸ ಎಂದು ನಾಲ್ಕು ಕಾಲಂ ಎಳೆದೆ. ಅಲ್ಲಿಯವರೆಗೆ ತಪ್ಪೇನಿಲ್ಲ. ಕೆಡಿಸಿದ್ದು ಐದನೆಯದು: ‘ಹಿಂದಿನ ಬಾಕಿ’. ಇಂದು ಅರ್ಧ ಗಂಟೆ ತಪ್ಪಿದರೆ ನಾಳೆಯ ಲೆಕ್ಕಕ್ಕೆ ಸೇರುತ್ತದೆ, ನಾಳೆಯದೂ ತಪ್ಪಿದರೆ ನಾಡಿದ್ದಿಗೆ. ಒಂದು ವರ್ಷ ಶುಭ ಶುಕ್ರವಾರದ ಹೊತ್ತಿಗೆ ದೇವರಿಗೆ ಹತ್ತೊಂಬತ್ತು ಗಂಟೆ ಕೊಡಬೇಕಿತ್ತು! ಬಾಕಿ ಎಂದು ಬರೆದ ಮೇಲೆ ದೇವರು ತಂದೆಯಾಗಿ ಉಳಿಯುವುದಿಲ್ಲ, ಸಾಲ ಕೊಟ್ಟವನಾಗುತ್ತಾನೆ. ಮೊಣಕಾಲೂರಿ ನಾನು ಮಾತಾಡುತ್ತಿರಲಿಲ್ಲ, ಕಂತು ಕಟ್ಟುತ್ತಿದ್ದೆ. ಕಂತು ಕಟ್ಟುವಾಗ ಅಡ್ಡ ಬಂದವರೆಲ್ಲ ವೈರಿಗಳೇ.

ಒಂದು ಬೆಳಿಗ್ಗೆ ಐದೂವರೆಗೆ ಮಗಳು ಬಾಗಿಲು ತಟ್ಟಿದಳು. ಆಗ ಆರು ವರ್ಷ. ಅಂಗೈಯಲ್ಲಿ ಆಗತಾನೆ ಬಿದ್ದ ಹಲ್ಲು, ತುಟಿಯ ಮೇಲೆ ಚೂರು ರಕ್ತ. “ಅಪ್ಪಾ, ನೋಡು” ಎಂದಳು. ಮನೆಯೆಲ್ಲ ಎಚ್ಚರಗೊಳ್ಳುವಂತೆ ಗದರಿದೆ. ಅವಳು ಮುಷ್ಟಿ ಮುಚ್ಚಿಕೊಂಡು ಹೋದಳು. ನಾನು ಒಳಗೆ ಬಂದು ಎರಡು ಗಂಟೆ ಪೂರೈಸಿ, ಬಾಕಿಯಿಂದ ಅರ್ಧ ಗಂಟೆ ಕಳೆದು ಬರೆದೆ. ಆಮೇಲೆ ಅವಳು ಆ ಬಾಗಿಲು ತಟ್ಟಲಿಲ್ಲ.

ಹೊಗಳುತ್ತಾರೆಂದುಕೊಂಡು ಪುಸ್ತಕವನ್ನು ಸಭಾಪಾಲಕರಿಗೆ ತೋರಿಸಿದೆ. ಅವರು ಬೈಬಲಿನಲ್ಲಿ ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರದ ಮೂರನೆಯ ಅಧ್ಯಾಯ ಓದಿಸಿದರು. ದೇವರ ಆತ್ಮನಿಂದ ಆರಂಭಿಸಿದವರು ಈಗ ಸ್ವಂತ ಬಲದಿಂದ ಮುಗಿಸಲು ಹೊರಟಿರಾ ಎಂದು ಪೌಲನು ಬೈಯುವ ಜಾಗ. ಚೀನಾದಲ್ಲಿದ್ದ ಇಂಗ್ಲಿಷ್ ಮಿಷನರಿ ಹಡ್ಸನ್ ಟೇಲರರ ಕಥೆಯನ್ನೂ ಹೇಳಿದರು. ಉಪವಾಸ, ಪ್ರಾರ್ಥನೆ, ನಿರ್ಧಾರಗಳೆಲ್ಲ ಸೋತು ಕುಗ್ಗಿದ್ದ ಅವರಿಗೆ 1869ರಲ್ಲಿ ಸಹಸೇವಕರೊಬ್ಬರ ಕಾಗದ ಬಂತು. ನಂಬಿಕೆಗಾಗಿ ಹೆಣಗುವುದನ್ನು ಬಿಟ್ಟು ನಂಬಿಗಸ್ತನಾದ ದೇವರನ್ನೇ ನೋಡು ಎಂಬುದು ಅದರ ಸಾರ. ಅಂದಿನಿಂದ ಟೇಲರ್ ಕೈಕಟ್ಟಿ ಕೂತರೇ? ಆಮೇಲೂ ಮೂವತ್ತಕ್ಕೂ ಹೆಚ್ಚು ವರ್ಷ ಆ ಸೇವೆ ನಡೆಸಿದರು, 1905ರಲ್ಲಿ ಚೀನಾದಲ್ಲೇ ತೀರಿಕೊಂಡರು. ಆದ್ದರಿಂದ ‘ಸುಮ್ಮನಿರಲೇ’ ಎಂಬ ನಿಮ್ಮ ಎರಡನೆಯ ದಾರಿಯನ್ನೂ ನಾನು ಒಪ್ಪುವುದಿಲ್ಲ. ಹೆಚ್ಚು ಮಾಡಲೇ, ಕಡಿಮೆ ಮಾಡಲೇ ಎಂಬುದೇ ಲೆಕ್ಕಿಗರ ಪ್ರಶ್ನೆ.

ಬಳ್ಳಿಯಲ್ಲಿ ನೆಲೆಗೊಂಡ ಕೊಂಬೆಯೇ ಫಲ ಕೊಡುವುದು ಎಂದು ಯೇಸು ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಆ ದ್ರಾಕ್ಷೇಬಳ್ಳಿಯನ್ನು ನಾನು ಕಂಡಿಲ್ಲ. ನಮ್ಮ ತೋಟದಲ್ಲಿರುವುದು ಕಾಳುಮೆಣಸು. ಬುಡ ಕತ್ತರಿಸಿದ ಬಳ್ಳಿಯೂ ಎರಡು ದಿನ ಹಸಿರಾಗಿಯೇ ಇರುತ್ತದೆ. ನನ್ನ ನಾಲ್ಕು ಕಾಲಂಗಳ ಹಸಿರೂ ಅಂಥದ್ದೇ.

ನಾಳೆ ನಾಲ್ಕಕ್ಕೆ ಏಳಬೇಡಿ. ನಿದ್ದೆ ಮಾಡಿ. ಸಿಟ್ಟು ಬಂದಾಗ ಅಡುಗೆಮನೆಯಲ್ಲೋ ಬಸ್ಸಿನಲ್ಲೋ ನಿಂತಲ್ಲೇ “ಕರ್ತನೇ, ಇದು ನನ್ನಿಂದಾಗದು” ಎನ್ನಿ. ಬೈದುಬಿಟ್ಟಿದ್ದರೆ ಅಂದೇ ಹೋಗಿ ಕ್ಷಮೆ ಕೇಳಿ. ನಾನು ಮಗಳನ್ನು ಕೇಳಿದ್ದು ಹತ್ತು ವರ್ಷ ತಡವಾಗಿ. ಹಲ್ಲಿನ ವಿಷಯ ಅವಳಿಗೆ ಮರೆತೇಹೋಗಿತ್ತು. ಬಾಗಿಲು ಮಾತ್ರ ನೆನಪಿತ್ತು.